ಗೃಹರಕ್ಷಕ ದಳ ಮತ್ತು ಸೈನ್ಯ: ಸಾಮೀಪ್ಯದ ಮಿತಿ

ಸ್ವಯಂಪ್ರೇರಣೆಯಿಂದ ಸಮವಸ್ತ್ರ ತೊಡುವ ನಾಗರಿಕನು ಸೈನಿಕನಿಗೆ ಎಷ್ಟು ಸಮೀಪದಲ್ಲಿ ನಿಲ್ಲತಕ್ಕದ್ದೆಂಬ ಪ್ರಶ್ನೆಯು, 2025ರ ಮೇ 7ರಂದು ದೇಶದ ಹಲವು ಜಿಲ್ಲೆಗಳಲ್ಲಿ ಪೌರರಕ್ಷಣೆಯ ಅಣಕು ಕಾರ್ಯಾಚರಣೆ ನಡೆದ ತರುವಾಯ, ಪುನಃ ವಿಚಾರಾರ್ಹವಾಗಿದೆ. ಗಡಿಯಿಂದ ಬಹುದೂರದಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ತಾಲ್ಲೂಕುಗಳ ಜನರಿಗೆ ಇದು ದೂರದ ಮಾತೆಂದು ತೋರಬಹುದಾದರೂ, ಚುನಾವಣೆಯ ಮತಗಟ್ಟೆಯಲ್ಲಿಯೂ ಜಾತ್ರೆಯ ಜನಸಂದಣಿಯಲ್ಲಿಯೂ ಖಾಕಿ ತೊಟ್ಟು ನಿಲ್ಲುವ ಗೃಹರಕ್ಷಕನು ಅವರ ನೆರೆಮನೆಯವನೇ ಆಗಿರುವುದರಿಂದ, ಅವನನ್ನು ನಾವು ಯಾವ ಉದ್ದೇಶಕ್ಕಾಗಿ ಸಿದ್ಧಗೊಳಿಸುತ್ತಿದ್ದೇವೆಂಬುದು ಅವರದೇ ಪ್ರಶ್ನೆಯಾಗಿದೆ.

ಈ ದಳದ ಚರಿತ್ರೆಯಲ್ಲಿಯೇ ಎರಡು ಭಿನ್ನ ಪ್ರವೃತ್ತಿಗಳು ಬೆರೆತಿವೆ. 1940ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಹೋಂ ಗಾರ್ಡ್ ಜರ್ಮನಿಯ ಆಕ್ರಮಣವನ್ನು ಎದುರಿಸಲೆಂದು ಅಲ್ಲಿಯ ಯುದ್ಧ ಇಲಾಖೆಯ ಕೈಕೆಳಗೆ ನಿಂತ ಸಶಸ್ತ್ರ ಪಡೆ. 1946ರ ಡಿಸೆಂಬರ್ 6ರಂದು ಮುಂಬಯಿಯಲ್ಲಿ, ಮೊರಾರ್ಜಿ ದೇಸಾಯಿಯವರ ಪ್ರೇರಣೆಯಿಂದ, ಅದೇ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯಾದರೋ ಕೋಮುಗಲಭೆಗಳ ಕಾಲದಲ್ಲಿ ಪೊಲೀಸರಿಗೆ ನೆರವಾಗಲೆಂದು ಏರ್ಪಟ್ಟ ನಾಗರಿಕರ ಕೂಟ. 1962ರ ಚೀನೀ ಆಕ್ರಮಣದ ಕಾಲದಲ್ಲಿ ಕೇಂದ್ರ ಸರ್ಕಾರವು ಪ್ರಾಂತಗಳ ಬಗೆಬಗೆಯ ಸ್ವಯಂಸೇವಕ ಸಂಘಟನೆಗಳನ್ನು ಒಂದೇ ಮಾದರಿಗೆ ತರುವಂತೆ ಸೂಚಿಸಿತು. ನಮ್ಮ ರಾಜ್ಯದ ಗೃಹರಕ್ಷಕ ಕಾಯಿದೆಯೂ ಆ ವರ್ಷದ್ದೇ. ಹೀಗೆ ಯುದ್ಧದ ಆತಂಕವು ಈ ದಳವನ್ನು ದೇಶವ್ಯಾಪಿಯಾಗಿಸಿತಾದರೂ, ಕರ್ತವ್ಯಕ್ಕೆ ಕರೆಯಲ್ಪಟ್ಟ ಗೃಹರಕ್ಷಕನಿಗೆ ಕಾಯಿದೆಯು ಕೊಟ್ಟದ್ದು ಪೊಲೀಸನ ಅಧಿಕಾರವನ್ನು. ಅವನ ಕವಾಯತು, ದರ್ಜೆ, ವಂದನೆಗಳಲ್ಲಿ ಸೈನ್ಯದ ಛಾಯೆಯಿದೆ. ಅವನ ಹೊಣೆಯೋ ಸಂಪೂರ್ಣವಾಗಿ ನಾಗರಿಕವಾದುದು. ಈ ವಿಭಜನೆಯು ಯುಕ್ತವೆಂದೇ ನನ್ನ ಅಭಿಪ್ರಾಯ.

ಸೈನ್ಯದಿಂದ ಕಲಿಯತಕ್ಕದ್ದು ಏನೂ ಇಲ್ಲವೆನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಹೊತ್ತಿಗೆ ಸರಿಯಾಗಿ ಸೇರುವುದು, ಒಬ್ಬನ ಆಜ್ಞೆಗೆ ಇಪ್ಪತ್ತು ಮಂದಿ ಏಕಕಾಲದಲ್ಲಿ ಚಲಿಸುವುದು, ಭಯಗೊಂಡ ಗುಂಪಿನ ನಡುವೆ ತಾನು ಭಯಗೊಳ್ಳದಿರುವುದು, ಇವು ಕವಾಯತಿನ ಮೈದಾನದಲ್ಲಲ್ಲದೆ ಬೇರೆಡೆಯಲ್ಲಿ ಸುಲಭವಾಗಿ ಸಿದ್ಧಿಸುವ ಗುಣಗಳಲ್ಲ. ರಕ್ಷಣಾ ಸಚಿವಾಲಯದ ಅಧೀನದಲ್ಲಿಯೇ ಇರುವ ಎನ್.ಸಿ.ಸಿ. ಕೂಡ 1948ರ ತನ್ನ ಕಾಯಿದೆಯಲ್ಲಿ, ಸದಸ್ಯತ್ವದ ಮಾತ್ರದಿಂದ ಯಾರಿಗೂ ಯುದ್ಧಸೇವೆಯ ಬಾಧ್ಯತೆ ಒದಗದೆಂದು ಸ್ಪಷ್ಟಪಡಿಸಿದೆ. ಶಿಕ್ಷಣವನ್ನು ಸೈನ್ಯದಿಂದ ಪಡೆದೂ ಸೈನಿಕನಾಗದೆ ಉಳಿಯುವ ಮಾರ್ಗವೊಂದು ಉಂಟೆಂಬುದಕ್ಕೆ ಇದು ಸಾಕ್ಷಿ. ಚೀನೀ ಯುದ್ಧದ ಬಿಸಿಯಲ್ಲಿ 1963ರಲ್ಲಿ ಅದನ್ನು ಕಾಲೇಜಿನ ಹುಡುಗರಿಗೆ ಕಡ್ಡಾಯಗೊಳಿಸಿ, 1968ರಲ್ಲಿ ಮತ್ತೆ ಐಚ್ಛಿಕವಾಗಿಸಬೇಕಾಗಿ ಬಂದುದನ್ನೂ ಇಲ್ಲಿ ನೆನೆಯಬೇಕು.

ಆದರೆ ನಮ್ಮ ತಾಲ್ಲೂಕುಗಳಲ್ಲಿ ಗೃಹರಕ್ಷಕನನ್ನು ಕಾದಿರುವ ವಿಪತ್ತುಗಳು ಯಾವುವು? ಮಲೆನಾಡಿನಲ್ಲಿ ಮಳೆ ಬಲಿತು ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಹೊನ್ನಾಳಿಯ ತಗ್ಗಿನ ಮನೆಗಳಿಗೆ ನುಗ್ಗುವ ತುಂಗಭದ್ರೆ. ಚನ್ನಗಿರಿಯ ಸೀಮೆಯಲ್ಲಿ ಎರಡು ಗುಡ್ಡಗಳ ನಡುವಣ ಪುರಾತನ ಏರಿಯನ್ನೇ ನಂಬಿ ನಿಂತಿರುವ ಸೂಳೆಕೆರೆಯ ಅಪಾರ ಜಲರಾಶಿ. ಸಂತ ಸೇವಾಲಾಲರ ಜಯಂತಿಗೆಂದು ನ್ಯಾಮತಿಯ ಸೂರಗೊಂಡನಕೊಪ್ಪಕ್ಕೆ ಹಲವು ರಾಜ್ಯಗಳಿಂದ ಹರಿದುಬರುವ ಬಂಜಾರ ಭಕ್ತರ ಸಂದಣಿ. ಮಳೆ ಕಾಣದ ಜಗಳೂರಿನ ಬೇಸಗೆಯಲ್ಲಿ, ಕೊಂಡುಕುರಿಗಳ ನೆಲೆಯಾದ ರಂಗಯ್ಯನದುರ್ಗದ ಕುರುಚಲು ಕಾಡಿಗೆ ತಗಲಬಹುದಾದ ಕಿಚ್ಚು. ಇಂತಹ ಸಂದರ್ಭದಲ್ಲಿ ಪ್ರಾಣ ಉಳಿಸುವುದು ಯಾವ ಓಣಿಯಲ್ಲಿ ಹಾಸಿಗೆ ಹಿಡಿದ ಮುದುಕಿಯಿದ್ದಾಳೆ, ಯಾವ ಹಾದಿಯು ಮೊದಲು ಮುಳುಗುತ್ತದೆ ಎಂಬ ಜ್ಞಾನ. ಪಾಳೆಯದಿಂದ ಬಂದ ಪಡೆಗೆ ಅದು ಇರಲಾರದು. ಊರಿನವನಾದ ಗೃಹರಕ್ಷಕನಲ್ಲಿ ಅದು ಸಹಜವಾಗಿಯೇ ಇದೆ. ಅವನ ಮಾತಿಗೆ ಮನೆ ಬಿಟ್ಟು ಹೊರಡುವ ಮುದುಕಿಯು ಹೊರಡುವುದು ಅವನ ಮೇಲಣ ವಿಶ್ವಾಸದಿಂದ. ಅವನನ್ನು ಸೈನ್ಯದ ಅಂಗವನ್ನಾಗಿಸಿ ಬೇರೆಡೆಗೆ ಕಳುಹಿಸತಕ್ಕ ಆಳಾಗಿ ಮಾಡಿದಲ್ಲಿ, ಮೊದಲು ನಷ್ಟವಾಗುವುದು ಈ ವಿಶ್ವಾಸವೇ.

ರಾಜಸ್ಥಾನ, ಗುಜರಾತ, ಪಂಜಾಬುಗಳಲ್ಲಿ ಗಡಿ ವಿಭಾಗದ ಗೃಹರಕ್ಷಕ ಪಡೆಗಳು ಗಡಿ ಭದ್ರತಾ ಪಡೆಯೊಡನೆ ಕೂಡಿ ದುಡಿಯುವುದನ್ನು ತೋರಿಸಿ, ಇಲ್ಲಿಯೂ ಹಾಗೇಕಾಗಬಾರದೆಂದು ಕೇಳುವವರುಂಟು. ಅಲ್ಲಿಯ ಸನ್ನಿವೇಶಕ್ಕೆ ಅದು ಅಗತ್ಯವೆಂಬುದನ್ನು ಒಪ್ಪಲೇಬೇಕು. ಆದರೆ ಅದಕ್ಕಾಗಿ ಪ್ರತ್ಯೇಕ ವಿಭಾಗವನ್ನೇ ಕಟ್ಟಬೇಕಾಯಿತೆಂಬುದು, ಸಾಮಾನ್ಯ ದಳದ ಸ್ವಭಾವವು ಬೇರೆಯೆಂಬುದನ್ನೇ ಸೂಚಿಸುತ್ತದೆ. 1968ರ ಪೌರರಕ್ಷಣಾ ಕಾಯಿದೆಯು ಶತ್ರುವಿನ ದಾಳಿಯನ್ನೇ ಮನಸ್ಸಿನಲ್ಲಿಟ್ಟು ರಚಿತವಾದುದಾದರೂ, ಪೌರರಕ್ಷಣೆಯೆಂದರೆ ನೇರ ಕಾದಾಟವಲ್ಲದ ಕ್ರಮಗಳೆಂದೇ ಅರ್ಥ ಹೇಳಿತು. 2009ರ ತಿದ್ದುಪಡಿಯು ವಿಪತ್ತು ನಿರ್ವಹಣೆಯನ್ನೂ ಅದಕ್ಕೆ ಸೇರಿಸಿತು. ಭಾರತವು ಒಳಪಡದಿರುವ 1977ರ ಜಿನೀವಾ ಪೂರಕ ಒಡಂಬಡಿಕೆಯೂ, ಕಿತ್ತಳೆ ಬಣ್ಣದ ಮೇಲೆ ನೀಲಿ ತ್ರಿಕೋನ ಧರಿಸಿದ ಪೌರರಕ್ಷಕನಿಗೆ ಯುದ್ಧಭೂಮಿಯಲ್ಲಿ ರಕ್ಷಣೆ ಕೊಡುವುದು ಅವನು ಶತ್ರುವಿಗೆ ಹಾನಿಕರವಾದ ಕಾರ್ಯದಲ್ಲಿ ತೊಡಗದಿರುವವರೆಗೆ ಮಾತ್ರ.

ಸೈನ್ಯದ ಸಾಮೀಪ್ಯಕ್ಕಿಂತಲೂ ಇಂದು ನನ್ನನ್ನು ಹೆಚ್ಚು ಕಳವಳಗೊಳಿಸುವುದು ಮತ್ತೊಂದು ಸಾಮೀಪ್ಯ, ಪೊಲೀಸರದು. ರಾಜ್ಯದ ಮಹಾ ಸಮಾದೇಷ್ಟರು ಹಿರಿಯ ಪೊಲೀಸ್ ಅಧಿಕಾರಿಗಳು. ಜಿಲ್ಲಾ ಸಮಾದೇಷ್ಟರ ಪದವಿಯು ಅನೇಕ ಕಡೆ ಗೌರವ ಪದವಿಯಾಗಿ ನಾಗರಿಕರಿಗೆ ಸಲ್ಲುತ್ತದೆ. ಈ ಏರ್ಪಾಡು ಸಾಧುವಾದುದೇ. ಆದರೆ ‘ನಿಷ್ಕಾಮ ಸೇವೆ’ಯೆಂಬ ಧ್ಯೇಯವನ್ನು ಮುಂದಿಟ್ಟುಕೊಂಡು, ಖಾಲಿ ಉಳಿದ ಪೊಲೀಸ್ ಹುದ್ದೆಗಳ ಕೆಲಸವನ್ನು ವರ್ಷವಿಡೀ ಗೃಹರಕ್ಷಕನಿಂದ ಅಲ್ಪ ಭತ್ಯೆಗೆ ಮಾಡಿಸಿಕೊಳ್ಳುವುದು ಸೇವೆಯ ಹೆಸರಿನಲ್ಲಿ ನಡೆಯುವ ಅನ್ಯಾಯ. ಹಿಮಾಚಲ ಪ್ರದೇಶದ ಗೃಹರಕ್ಷಕರ ಮೊಕದ್ದಮೆಯಲ್ಲಿ 2015ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೆಲಸದ ಕಾಯಮಾತಿಯನ್ನು ನಿರಾಕರಿಸಿತಾದರೂ, ಮೂವತ್ತು ದಿನಗಳ ಭತ್ಯೆಯು ಪೊಲೀಸ್ ಪೇದೆಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದು ವಿಧಿಸಿತು.

ಆದುದರಿಂದ ಸರ್ಕಾರದಲ್ಲಿ ನನ್ನ ವಿನಂತಿ ಇಷ್ಟೇ: ನಿವೃತ್ತ ಸೈನಿಕರನ್ನು ಈ ನಾಲ್ಕೂ ತಾಲ್ಲೂಕುಗಳ ಗೃಹರಕ್ಷಕರಿಗೆ ಶಿಕ್ಷಕರನ್ನಾಗಿ ಕರೆಸಿರಿ, ಆಜ್ಞೆಯ ಅಧಿಕಾರವನ್ನು ಮಾತ್ರ ಜಿಲ್ಲೆಯ ನಾಗರಿಕ ಆಡಳಿತದಲ್ಲಿಯೇ ಉಳಿಸಿರಿ, ಬಂದೂಕಿನ ತರಬೇತಿಗೆ ಮುನ್ನ ದೋಣಿ, ಹಗ್ಗ, ಪ್ರಥಮ ಚಿಕಿತ್ಸೆಗಳ ತರಬೇತಿಯನ್ನು, ಮುಂದಿನ ಮುಂಗಾರಿಗೆ ಮೊದಲೇ, ಹೊನ್ನಾಳಿಯ ನದೀತೀರದಿಂದ ಆರಂಭಿಸಿರಿ.