ಕಥೆ ಹೇಳುವ ದನಿಯೂ ಮೆಲ್ಲೊಟ್ರಾನಿನ ಮೊರೆತವೂ

ಸ್ಟ್ರಾಬ್ಸ್ ತಂಡದ ಮಾತು ಬಂದಾಗಲೆಲ್ಲ ರಿಕ್ ವೇಕ್‌ಮನ್ ಹೆಸರೇ ಮುಂದೆ ಬರುತ್ತದೆ. 1970ರಲ್ಲಿ ಈ ಕೀಬೋರ್ಡ್ ವಾದಕ ಸೇರಿದ, ಇಂಗ್ಲೆಂಡಿನ ಒಂದು ಜನಪದ ತಂಡ ಪ್ರೊಗ್ರೆಸಿವ್ ರಾಕ್‌ನತ್ತ ಹೊರಳಿತು, ಮರುವರ್ಷ ಅವನು ಯೆಸ್ ತಂಡಕ್ಕೆ ಹೊರಟುಹೋದ ಎಂಬುದು ರೂಢಿಯ ಕಥೆ. ನನಗೆ ಇದು ಒಪ್ಪಿಗೆಯಿಲ್ಲ. ಸ್ಟ್ರಾಬ್ಸ್‌ನ ನಿಜವಾದ ಸಿಂಫೊನಿಕ್ ಸಾಧನೆ ವೇಕ್‌ಮನ್ ಹೋದ ಮೇಲಿನದು. ಅದರ ಬೇರು ಇರುವುದು ತಂಡದ ಗಾಯಕ, ಗೀತರಚನಕಾರ ಡೇವ್ ಕಸಿನ್ಸ್‌ನ ಕಥನಗೀತೆಗಳಲ್ಲಿ.

1964ರಲ್ಲಿ ಸ್ಟ್ರಾಬೆರಿ ಹಿಲ್ ಬಾಯ್ಸ್ ಎಂಬ ಹೆಸರಿನಲ್ಲಿ ಬ್ಲೂಗ್ರಾಸ್ ನುಡಿಸುತ್ತಿದ್ದವರು ಇವರು. ಕಸಿನ್ಸ್‌ನ ಕೈಯಲ್ಲಿ ಬ್ಯಾಂಜೊ, ಪಕ್ಕದಲ್ಲಿ ಟೋನಿ ಹೂಪರ್‌ನ ಮೃದುವಾದ ಜೊತೆದನಿ. ಆದರೆ ಕಸಿನ್ಸ್ ಬರೆಯುತ್ತಿದ್ದ ಹಾಡುಗಳು ಆರಂಭದಿಂದಲೇ ಉದ್ದ. 1970ರ ‘ಡ್ರ್ಯಾಗನ್‌ಫ್ಲೈ’ ಆಲ್ಬಮ್ಮಿನಲ್ಲಿರುವ ಸರೋವರದ ದೇವತೆಯ ಹಾಡು ಹತ್ತು ನಿಮಿಷ ದಾಟುತ್ತದೆ. ಚರಣದ ಮೇಲೆ ಚರಣ ಬೆಳೆಯುವ ಅಂಥ ಕಥೆಯನ್ನು ಹೆಚ್ಚಾಗಿ ಗಿಟಾರು, ಚೆಲ್ಲೊಗಳೇ ಹೊತ್ತು ನಡೆದಾಗ ನಡುವೆ ಉಸಿರುಗಟ್ಟುವುದು ಕೇಳಿದರೆ ಗೊತ್ತಾಗುತ್ತದೆ. ದೊಡ್ಡ ನಾದ ಬೇಕೆಂದು ಕೇಳಿದ್ದು ಹಾಡೇ.

ಅದೇ ವರ್ಷ ಜುಲೈನಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ನಡೆದ ಕಛೇರಿಯ ಧ್ವನಿಮುದ್ರಣದಲ್ಲಿ ವೇಕ್‌ಮನ್‌ನ ಪಿಯಾನೊ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಅವನು ಏಕಾಂಗಿಯಾಗಿ ನುಡಿಸುವಾಗ ತಂಡ ಸುಮ್ಮನೆ ಕಾಯುತ್ತಿರುತ್ತದೆ. ಅದೇ ಧ್ವನಿಮುದ್ರಣದಲ್ಲಿರುವ, ಸಾಯುವ ಹೊತ್ತಿನಲ್ಲಿ ತನ್ನ ಹಳೆಯ ವಸ್ತುಗಳ ನಡುವೆ ಬದುಕನ್ನು ನೆನೆಯುವ ಮುದುಕನ ‘ಆಂಟೀಕ್ ಸ್ವೀಟ್’ ಬೇರೆಯೇ ತೂಕದ್ದು. ಅಲ್ಲಿ ಕೀಬೋರ್ಡು ಕಥೆಯ ಹಿಂದೆ ನಡೆಯುತ್ತದೆ. ಮುಂದಿನ ದಾರಿ ಇಲ್ಲಿಂದ ತೆರೆಯಿತು.

ಆ ದಾರಿಯ ವಾದ್ಯ ಮೆಲ್ಲೊಟ್ರಾನ್. ಒಂದೊಂದು ಕೀಲಿಯ ಕೆಳಗೂ ಪಿಟೀಲು, ಕೊಳಲು, ಗಾಯನವೃಂದದ ದನಿ ತುಂಬಿದ ಟೇಪಿನ ತುಂಡು. ಸುಮಾರು ಎಂಟು ಸೆಕೆಂಡಿಗೆ ಅದು ಮುಗಿಯುತ್ತದೆ. ಬೆರಳ ಚಳಕ ತೋರಲು ಒಗ್ಗದ, ತುಸು ನಡುಗುವ ಯಂತ್ರ. ನಿಧಾನವಾಗಿ ಸ್ವರಮೇಳ ಬದಲಿಸುವವನಿಗೇ ಅದು ಒಲಿಯುತ್ತದೆ. 1972ರ ‘ಗ್ರೇವ್ ನ್ಯೂ ವರ್ಲ್ಡ್’ನಲ್ಲಿ ವೇಕ್‌ಮನ್‌ನ ಜಾಗಕ್ಕೆ ಬಂದ ಬ್ಲೂ ವೀವರ್ ಅದನ್ನು ಅರಿತು ನುಡಿಸಿದ. ಉತ್ತರ ಐರ್ಲೆಂಡಿನ ಹಿಂಸೆಗೆ ಕಸಿನ್ಸ್ ಸಿಡಿದೆದ್ದು ಬರೆದ ‘ನ್ಯೂ ವರ್ಲ್ಡ್’ನಲ್ಲಿ ಆ ನಾದ ಅಲಂಕಾರವಾಗಿ ಬರುವುದಿಲ್ಲ, ಶಾಪದ ಹಿಂದೆ ನಿಂತ ಜನಸ್ತೋಮವಾಗಿ ಬರುತ್ತದೆ. ಬಿರುಕುಬಿಟ್ಟ, ಕರ್ಕಶ ಅಂಚಿನ ಕಸಿನ್ಸ್‌ನ ಕಂಠ ಅದರೆದುರು ಮುಳುಗದೆ ಇನ್ನಷ್ಟು ಒಂಟಿಯಾಗಿ ಕೇಳಿಸುತ್ತದೆ. ನಯವಾದ ಕಂಠವಾಗಿದ್ದರೆ ಇದು ಬರೀ ವೈಭವವಾಗುತ್ತಿತ್ತು.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅದೇ ವರ್ಷ ಹೂಪರ್ ತಂಡ ಬಿಟ್ಟ. ಡೇವ್ ಲ್ಯಾಂಬರ್ಟ್‌ನ ಎಲೆಕ್ಟ್ರಿಕ್ ಗಿಟಾರು ಬಂತು. ಹೂಪರ್ ಜೊತೆಗೂಡಿದಾಗ ಇದ್ದ ಮನೆಯಂಗಳದ ಆಪ್ತತೆಯನ್ನು ಮುಂದಿನ ಯಾವ ಸ್ಟ್ರಾಬ್ಸ್ ಆಲ್ಬಮ್ಮೂ ನನಗೆ ಮರಳಿ ಕೊಟ್ಟಿಲ್ಲ. 1973ರಲ್ಲಿ ತಂಡದ ಸದಸ್ಯರಾದ ಹಡ್ಸನ್ ಮತ್ತು ಫೋರ್ಡ್ ಬರೆದ ‘ಪಾರ್ಟ್ ಆಫ್ ದ ಯೂನಿಯನ್’ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ತಂಡದ ಸ್ವಭಾವಕ್ಕೆ ದೂರವಾದ ಹಾಡೇ ಅದರ ಗುರುತಾಯಿತು. ಅವರಿಬ್ಬರೂ, ವೀವರ್ ಕೂಡ, ಹೊರಟರು.

1974ರ ‘ಹೀರೊ ಅಂಡ್ ಹೀರೊಯಿನ್’ ಹೊಸದಾಗಿ ಕಟ್ಟಿಕೊಂಡ ತಂಡದ್ದು. ಕೀಬೋರ್ಡಿಗೆ ಬಂದ ಜಾನ್ ಹಾಕನ್ ಹಿಂದೆ ರಿನೇಸಾನ್ಸ್‌ನಲ್ಲಿದ್ದವನು, ಆಡಂಬರವಿಲ್ಲದ ಶಾಸ್ತ್ರೀಯ ಕೈ. ‘ಆಟಮ್’ನ ಮೂರು ಭಾಗಗಳಲ್ಲಿ ಮೊದಲನೆಯದು ಪೂರ್ತಿ ವಾದ್ಯದ್ದು, ಹಾಡು ಶುರುವಾಗುವ ಹೊತ್ತಿಗೆ ಕೇಳುಗನ ಮನಸ್ಸು ಆಗಲೇ ಭಾರವಾಗಿರುತ್ತದೆ. ಶೀರ್ಷಿಕೆಗೀತೆಯಂತೂ ನನ್ನ ವಾದಕ್ಕೆ ಇಡೀ ಸಾಕ್ಷಿ: ಮೆಲ್ಲೊಟ್ರಾನಿನ ಮೊರೆತವನ್ನು ತೆಗೆದುಹಾಕಿದರೆ ಉಳಿಯುವುದು ಓಟದ ಲಯದ, ಚರಣಬದ್ಧ ಹಳೆಯ ಕಥನಗೀತೆಯ ಎಲುಬು. ಜನಪದವನ್ನು ಬಿಟ್ಟುಕೊಟ್ಟರು ಎಂದು ದೂರಿದವರು ಈ ಎಲುಬನ್ನು ಕೇಳಿಸಿಕೊಳ್ಳಲಿಲ್ಲ.

1975ರ ‘ಗೋಸ್ಟ್ಸ್’ನಲ್ಲಿ ಚಾರ್ಟರ್‌ಹೌಸ್ ಶಾಲೆಯ ಗಾಯನವೃಂದವೇ ಹಾಡಿತು, 1838ರಲ್ಲಿ ಒಡೆದ ಹಡಗಿನವರನ್ನು ಕಾಪಾಡಿದ ದೀಪಸ್ತಂಭದ ಕಾವಲುಗಾರನ ಮಗಳು ಗ್ರೇಸ್ ಡಾರ್ಲಿಂಗ್‌ಳ ಹೆಸರಿನ ಗೀತೆಗೆ ಅದು ತಕ್ಕ ಎತ್ತರ ಕೊಟ್ಟಿತು. ಅದೇ ವರ್ಷದ ‘ನೊಮ್ಯಾಡ್‌ನೆಸ್’ ಹೊತ್ತಿಗೆ ಹಾಕನ್ ಇರಲಿಲ್ಲ. ಹಾಡುಗಳು ಚಿಕ್ಕವಾದವು, ಹೇಳಲು ಕಥೆ ಕಡಿಮೆಯಾಯಿತು. ನಾದವೂ ಅದರೊಂದಿಗೆ ಬಡವಾಯಿತು.