ಮಳೆಗಾಲದ ಹಸಿರು, ಫೋನಿನ ಹಸಿರು

ಆರಿದ್ರೆ ಮಳೆ ಹಿಡಿಯಿತೆಂದರೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳೆಲ್ಲ ಹಸಿರಾಗುತ್ತವೆ. ಆಗುಂಬೆಯ ತಿರುವು, ಚಾರ್ಮಾಡಿಯ ಝರಿ, ಮುಳ್ಳಯ್ಯನಗಿರಿಯ ಹುಲ್ಲು, ಯಾರದೋ ಮನೆಯಂಗಳದ ಪಾಚಿ, ಎಲ್ಲಕ್ಕೂ ಒಂದೇ ಹಸಿರು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸಬಾರದೆಂದು ನಮ್ಮ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿತು. ಫೋಟೊಗಳಿಗೆ ಅಂಥ ಆದೇಶ ಇನ್ನೂ ಬಂದಿಲ್ಲ.

ಇದೆಲ್ಲ ಫೋನು ಬಂದಮೇಲಿನ ಕೇಡು ಎಂದು ಫಿಲ್ಮ್ ಕಾಲದ ಹಿರಿಯರು ಗೊಣಗುವುದುಂಟು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1990ರಲ್ಲಿ ಫ್ಯೂಜಿಯವರ ವೆಲ್ವಿಯಾ ಸ್ಲೈಡ್ ಫಿಲ್ಮ್ ಮಾರುಕಟ್ಟೆಗೆ ಬಂದಾಗ ನಿಸರ್ಗದ ಫೋಟೊ ತೆಗೆಯುವವರು ಅದಕ್ಕೆ ಮುಗಿಬಿದ್ದದ್ದೇ ಅದರ ಗಾಢ ಬಣ್ಣಗಳಿಗಾಗಿ. ಎಲೆ ಇದ್ದದ್ದಕ್ಕಿಂತ ಹಸಿರಾಗಿ ಕಂಡರೆ ಅವರಿಗೂ ಖುಷಿಯೇ. ಆದರೆ ಅದರ ಐಎಸ್‌ಒ ಬರೀ 50. ಮೋಡ ಕವಿದ ದಿನ ಟ್ರೈಪಾಡ್ ಹೊರದೆ ಕಾಡಿಗೆ ಕಾಲಿಡುವಂತಿರಲಿಲ್ಲ, ರೋಲಿಗೆ 36 ಫ್ರೇಮು ಮುಗಿದರೆ ಕಥೆ ಮುಗಿಯಿತು. ಆ ಚಟಕ್ಕೆ ಖರ್ಚಿತ್ತು. ಈಗ ಸ್ಯಾಚುರೇಶನ್ ಸ್ಲೈಡರನ್ನು ಬಲಕ್ಕೆ ಎಳೆಯಲು ಒಂದು ಬೆರಳು ಸಾಕು.

ಹಾಗೆ ನೋಡಿದರೆ ಕ್ಯಾಮೆರಾಗೆ ಹಸಿರು ಚೆನ್ನಾಗಿಯೇ ಗೊತ್ತು. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿಯೇ ಇಂದಿಗೂ ಹೆಚ್ಚಿನ ಸೆನ್ಸರ್‌ಗಳ ಮೇಲೆ ಕೂತಿದೆ. ಅದರಲ್ಲಿ ನಾಲ್ಕು ಚೌಕಕ್ಕೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು 555 ನ್ಯಾನೊಮೀಟರ್ ಆಸುಪಾಸಿನ ಹಸಿರಿಗೇ ಹೆಚ್ಚು ಚುರುಕು, ಅದಕ್ಕೇ ಈ ಪಕ್ಷಪಾತ. ಎಡವಟ್ಟೆಲ್ಲ ಸೆನ್ಸರ್ ದಾಟಿದ ಮೇಲೆ ಶುರು. ಮರಗಳಡಿಯ ಬೆಳಕು ಎಲೆಗಳಲ್ಲಿ ಸೋಸಿ ಬರುವುದರಿಂದ ಅದಕ್ಕೇ ಹಸಿರು ಛಾಯೆ ಇರುತ್ತದೆ. ಆಟೊ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ತಿಳಿದು ನೇರಳೆಗೆಂಪು ಬೆರೆಸುತ್ತದೆ. ಚಿತ್ರ ಸಪ್ಪೆಯಾಯಿತೆಂದು ನಾವು ಮೇಲಿಂದ ಮತ್ತಷ್ಟು ಬಣ್ಣ ಸುರಿಯುತ್ತೇವೆ. ರಾ ಫೈಲ್‌ನಲ್ಲಿ ತೆಗೆದಿದ್ದರೆ ಈ ಸುತ್ತಾಟವೇ ಬೇಡ. 14 ಬಿಟ್‌ನ ರಾ ಫೈಲ್ ಒಂದೊಂದು ಬಣ್ಣಕ್ಕೂ 16,384 ಮೆಟ್ಟಿಲು ಇಟ್ಟುಕೊಂಡಿರುತ್ತದೆ, ಜೆಪೆಗ್‌ನಲ್ಲಿ ಉಳಿಯುವುದು 256. ವೈಟ್ ಬ್ಯಾಲೆನ್ಸನ್ನು ಮನೆಗೆ ಬಂದಮೇಲೆ ಮೋಡದ ಬೆಳಕಿಗೆ, ಅಂದರೆ 6000ದಿಂದ 6500 ಕೆಲ್ವಿನ್ ನಡುವೆ ಎಲ್ಲೋ ನಿಲ್ಲಿಸಿದರೂ ಆಯಿತು.

ಎಡಿಟ್‌ಗೆ ಕೂರುವ ಮುಂಚೆ ಇನ್ನೊಂದು ಕೆಲಸವಿದೆ, ಇದನ್ನು ಯಾರೂ ಮಾಡುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ನೋಡಿ. ಬಹಳಷ್ಟು ಫೋನ್‌ಗಳು ‘ವಿವಿಡ್’ನಲ್ಲೇ ಇರುತ್ತವೆ. ಅದನ್ನು ‘ನ್ಯಾಚುರಲ್’ಗೆ ತನ್ನಿ. ರಾತ್ರಿ ಕಣ್ಣಿಗೆ ಹಿತವೆಂದು ಪರದೆಯನ್ನು ಹಳದಿಗೆ ತಿರುಗಿಸುವ ಸೌಲಭ್ಯವನ್ನೂ ಆ ಹೊತ್ತಿಗೆ ಆಫ್ ಮಾಡಿ. ಪರದೆಯೇ ಬಣ್ಣ ಕಟ್ಟಿ ಹೇಳುತ್ತಿದ್ದರೆ ಎಡಿಟ್ ಮಾಡುವವನು ಏನು ತಾನೇ ಮಾಡಿಯಾನು?

ಈಗ ಅಸಲು ವಿಷಯ. ಫೋಟೊ ಎಡಿಟ್ ಮಾಡುವ ತಂತ್ರಾಂಶ ಲೈಟ್‌ರೂಮ್‌ನಲ್ಲಿ ಎಂಟು ಬಣ್ಣಗಳಿಗೆ ಬೇರೆ ಬೇರೆ ಸ್ಲೈಡರ್‌ಗಳಿವೆ. ಡಾರ್ಕ್‌ಟೇಬಲ್‌ನಲ್ಲಿ ಇದೇ ಕೆಲಸಕ್ಕೆ ‘ಕಲರ್ ಝೋನ್ಸ್’ ಇದೆ. ಡಾರ್ಕ್‌ಟೇಬಲ್ ಪುಕ್ಕಟೆ, ಮುಕ್ತ ತಂತ್ರಾಂಶ. ಲೈಟ್‌ರೂಮಿಗೆ ತಿಂಗಳ ಬಾಡಿಗೆ ಕಟ್ಟಲು ಮನಸ್ಸಿಲ್ಲದ ನಮ್ಮಂಥವರಿಗೆ ಧಾರಾಳ ಸಾಕು, ಕಲಿಯಲು ತಾಳ್ಮೆ ಮಾತ್ರ ಬೇಕು. ಹೊಸಬರು ಎಲೆ ಸರಿಪಡಿಸಬೇಕೆಂದು ನೇರ ಹಸಿರು ಸ್ಲೈಡರಿಗೆ ಕೈ ಹಾಕುತ್ತಾರೆ, ಚಿತ್ರ ಅಲ್ಲಾಡುವುದೇ ಇಲ್ಲ. ಏಕೆಂದರೆ ಸಾಫ್ಟ್‌ವೇರಿನ ಲೆಕ್ಕದಲ್ಲಿ ಎಲೆ, ಹುಲ್ಲು, ಭತ್ತದ ಸಸಿಮಡಿಯ ಬಹುಪಾಲು ಬಣ್ಣ ಬರುವುದು ಹಳದಿಯ ಖಾತೆಗೆ. ಹಳದಿಯ ಸ್ಯಾಚುರೇಶನ್ ಸ್ವಲ್ಪ ಇಳಿಸಿ, ಹೊಳಪನ್ನು ಒಂದು ಕೂದಲಷ್ಟು ತಗ್ಗಿಸಿ ನೋಡಿ, ಅಲ್ಲಿಯವರೆಗೆ ಒಂದೇ ಮುದ್ದೆಯಾಗಿದ್ದ ಹಸಿರು ಬಿಡಿಬಿಡಿಯಾಗುತ್ತದೆ. ಸಸಿಮಡಿಯ ಎಳೆ ಹಸಿರು ಬೇರೆ, ಅಡಿಕೆ ಸೋಗೆಯದು ಬೇರೆ, ಮೆಣಸಿನ ಬಳ್ಳಿಯ ಕಪ್ಪು ಹಸಿರು ಬೇರೆ, ಹಾವಸೆಯ ನೀಲಿ ಮಿಶ್ರಿತ ಹಸಿರು ಇನ್ನೂ ಬೇರೆ.

ಹೀಗೆ ಇಳಿಸುವ ಬದಲು ಹಳದಿಯ ಛಾಯೆಯನ್ನೇ ಹಸಿರಿನ ಕಡೆಗೆ ತಳ್ಳಿಬಿಡುವವರಿದ್ದಾರೆ. ರೆಡಿಮೇಡ್ ಪ್ರಿಸೆಟ್‌ಗಳಲ್ಲಿ ಅನೇಕವು ಮಾಡುವುದೂ ಅದನ್ನೇ. ಶೃಂಗೇರಿ ಕಡೆಯ ಪರಿಚಿತ ಬೆಳೆಗಾರರೊಬ್ಬರ ಮನೆಗೆ ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಅವರ ತಂಗಿಯ ಮಗ ಬಂದಿದ್ದ. ತೋಟದಲ್ಲಿ ಸುತ್ತಾಡಿ ಒಳ್ಳೆಯ ಕ್ಯಾಮೆರಾದಲ್ಲೇ ಫೋಟೊ ತೆಗೆದು, ಜಗಲಿಯಲ್ಲಿ ಕೂತು ಪ್ರಿಸೆಟ್ ಹಾಕಿ, ಲ್ಯಾಪ್‌ಟಾಪ್ ಮಾವನ ಮುಂದಿಟ್ಟ. ಅವರು ಕನ್ನಡಕ ಏರಿಸಿ ನೋಡಿದರು. ಸಾಲುಸಾಲು ಅಡಿಕೆ ಮರ, ಬುಡದಿಂದ ತುದಿಯವರೆಗೆ ಕಡುಹಸಿರು.

‘ಇದು ನಮ್ಮ ತೋಟವೇನೋ?’

‘ಹೌದು ಮಾವ, ಕೆಳಗಿನ ಹೊಂಡದ ಪಕ್ಕದ್ದು.’

‘ಅಲ್ಲ ಮಾರಾಯ, ಹಂಗಾದ್ರೆ ಆ ರೋಗಕ್ಕೆ ಔಷಧಿ ನಿಂಗೆಲ್ಲಿ ಸಿಕ್ತು?’

ಶೃಂಗೇರಿ, ಕೊಪ್ಪದ ತೋಟಗಳಿಗೆ ದಶಕಗಳಿಂದ ಅಂಟಿಕೊಂಡಿರುವುದು ಹಳದಿ ಎಲೆ ರೋಗ. ಹೊರಸುತ್ತಿನ ಸೋಗೆಗಳ ಎಲೆ ತುದಿಯಿಂದ ಹಳದಿಗಟ್ಟುತ್ತಾ ಬರುತ್ತದೆ. ಇದಕ್ಕೆ ಖಚಿತ ಮದ್ದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಬೆಳೆಗಾರ ತೋಟಕ್ಕೆ ಇಳಿದರೆ ಮೊದಲು ಕತ್ತೆತ್ತಿ ನೋಡುವುದೇ ಸೋಗೆಯ ಬಣ್ಣವನ್ನು. ನಮಗೆ ಚಂದದ ಪ್ರಶ್ನೆಯಾದದ್ದು ಅವನಿಗೆ ವರ್ಷದ ಫಸಲಿನ ಲೆಕ್ಕ. ಆ ಹಳದಿಯನ್ನು ಅಳಿಸಿದ ಫೋಟೊ ಎಷ್ಟೇ ಲೈಕ್ ಗಿಟ್ಟಿಸಲಿ, ಅದು ಆ ತೋಟದ ಫೋಟೊ ಅಲ್ಲ. ಎಡಿಟ್ ಮಾಡುವುದೇ ಮೋಸ ಎಂಬ ಮಡಿವಂತಿಕೆ ನನಗಿಲ್ಲ. ನೆರಳು ಎತ್ತಿ, ವಾಲಿದ ಗೋಡೆ ನೆಟ್ಟಗೆ ಮಾಡಿ, ಕರೆಂಟ್ ತಂತಿಯನ್ನೂ ಬೇಕಾದರೆ ತೆಗೆಯಿರಿ. ಎಲೆಯ ಬಣ್ಣದ ತಂಟೆಗೆ ಹೋಗುವಾಗ ಮಾತ್ರ ಪಕ್ಕದಲ್ಲಿ ಅಂಥ ಮಾವ ಒಬ್ಬರು ಕೂತಿದ್ದಾರೆಂದು ಭಾವಿಸಿಕೊಳ್ಳುವುದು ಒಳ್ಳೆಯದು.

ಸಾಫ್ಟ್‌ವೇರಿನಿಂದ ಆಗದ ಕೆಲಸವೂ ಒಂದಿದೆ. ಮಳೆ ನಿಂತ ಮೇಲೆ ನೆನೆದ ಎಲೆ ಆಕಾಶದ ಬಿಳುಪನ್ನು ಪ್ರತಿಫಲಿಸಿ ಬೆಳ್ಳಗೆ ಮಿಂಚುತ್ತದೆ. ಆ ಮಿಂಚಿನ ಕೆಳಗಿನ ಬಣ್ಣ ಫೈಲ್‌ಗೇ ಬಂದಿರುವುದಿಲ್ಲ, ಆಮೇಲೆ ಏನು ಎಳೆದರೂ ಬರುವುದಿಲ್ಲ. ಪೋಲರೈಸರ್ ಫಿಲ್ಟರ್ ಹಾಕಿ ನಿಧಾನ ತಿರುಗಿಸಿದರೆ ಮಿಂಚು ಹೋಗಿ ಎಲೆ ತನ್ನಿಂದ ತಾನೇ ಹಸಿರಾಗುತ್ತದೆ, ಸ್ಯಾಚುರೇಶನ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಒಂದೂವರೆ ಎರಡು ಸ್ಟಾಪ್ ಬೆಳಕು ನುಂಗುತ್ತದೆ ಎಂಬುದೊಂದೇ ತಕರಾರು. ಜುಲೈ ತಿಂಗಳ ಕಾಡಿನಲ್ಲಿ ಅದು ಸಣ್ಣ ತಕರಾರಲ್ಲ. ಮನೆಗೆ ಬಂದ ತಕ್ಷಣ ಲೆನ್ಸನ್ನೂ ಫಿಲ್ಟರನ್ನೂ ಒರೆಸಿ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಗೆ ಹಾಕಿ, ಇಲ್ಲವಾದರೆ ದೀಪಾವಳಿ ಹೊತ್ತಿಗೆ ಗಾಜಿನೊಳಗೆ ಫಂಗಸ್ ಬೆಳೆದಿರುತ್ತದೆ.

ಇಷ್ಟೆಲ್ಲ ರಗಳೆ ಯಾರಿಗೆ ಬೇಕು ಅನ್ನುವವರಿಗೆ ಸಂಡೂರಿನ ಎಂ.ವೈ. ಘೋರ್ಪಡೆಯವರ ದಾರಿ ಇದೆ. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದ ಅವರು ಹೆಸರಾದದ್ದು ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಗೆ. ಅವರ ಕಾಡಿನಲ್ಲಿ ಹಸಿರಿಲ್ಲ ಎಂದು ಯಾರಿಗೂ ಅನ್ನಿಸಿಲ್ಲ. ಆದರೆ ಡಿಜಿಟಲ್‌ನಲ್ಲಿ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದರೂ ಎಲೆ ಬೆಳಗಬೇಕೋ ಕಪ್ಪಿಡಬೇಕೋ ಎಂದು ತೀರ್ಮಾನಿಸುವುದು ಅದೇ ಹಳದಿ ಸ್ಲೈಡರ್.