ಕ್ಲೀವ್‌ಲ್ಯಾಂಡ್ ಸತ್ತಿದ್ದಾದರೂ ಯಾವಾಗ?

ಈರಿ ಸರೋವರದ ದಂಡೆಯ ಕ್ಲೀವ್‌ಲ್ಯಾಂಡನ್ನು ಪ್ರವಾಸಿಗರಿಗೆ ಪರಿಚಯಿಸುವವರ ಕಥೆ ಗೊತ್ತಿರುವುದೇ: 1969ರಲ್ಲಿ ಕಾಯಹೋಗ ನದಿಗೆ ಬೆಂಕಿ ಬಿತ್ತು, ಕಾರ್ಖಾನೆಗಳು ಮುಚ್ಚಿದವು, ಊರು ಸತ್ತಿತು, 1995ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಬಂತು, ಊರು ಎದ್ದು ಕೂತಿತು. ಊರಿನ ಮೇಲಿನ ಅಭಿಮಾನದಿಂದಲೇ ನನ್ನ ತಕರಾರು. ಈ ಕಥೆ ಹಾರವನ್ನು ತಪ್ಪು ಕೊರಳಿಗೆ ಹಾಕುತ್ತದೆ.

ಮೊದಲು ಬೆಂಕಿಯ ವಿಚಾರ. 1868ರಿಂದಲೂ ಆ ನದಿ ಹತ್ತಾರು ಸಲ ಹೊತ್ತಿಕೊಂಡಿದೆ. 1969ರ ಜೂನ್ 22ರದ್ದು ಅವುಗಳಲ್ಲಿ ಸಣ್ಣದು; ಅರ್ಧ ಗಂಟೆಯಲ್ಲಿ ಆರಿಹೋಯಿತು, ಫೋಟೋಗೂ ಸಿಗಲಿಲ್ಲ. 'ಟೈಮ್' ವಾರಪತ್ರಿಕೆ ಅಚ್ಚುಹಾಕಿದ್ದು 1952ರ ಬೆಂಕಿಯ ಚಿತ್ರವನ್ನು! ಅದಕ್ಕಿಂತ ಮುಖ್ಯವಾದ ಸಂಗತಿಯನ್ನು ಪರಿಚಯಕಾರರು ಹೇಳುವುದೇ ಅಪರೂಪ. ನದಿ ಶುದ್ಧಿಗೆಂದು 10 ಕೋಟಿ ಡಾಲರ್ ಸಾಲ ಎತ್ತಲು ಕ್ಲೀವ್‌ಲ್ಯಾಂಡಿನ ಮತದಾರರು ಒಪ್ಪಿಗೆ ಕೊಟ್ಟದ್ದು 1968ರಲ್ಲಿ, ಅಂದರೆ ಆ ಬೆಂಕಿಗೂ ಮುಂಚೆ. ಅಮೆರಿಕದ ದೊಡ್ಡ ನಗರವೊಂದಕ್ಕೆ ಚುನಾಯಿತರಾದ ಮೊದಲ ಕಪ್ಪು ಮೇಯರ್ ಕಾರ್ಲ್ ಸ್ಟೋಕ್ಸ್ ಬೆಂಕಿಯ ಮರುದಿನವೇ ಪತ್ರಕರ್ತರನ್ನು ಕರೆದೊಯ್ದು ಕೊಳಕು ಎಲ್ಲೆಲ್ಲಿಂದ ಬರುತ್ತಿದೆ ಎಂದು ತೋರಿಸಿದರು. 1972ರ ಶುದ್ಧ ಜಲ ಕಾಯ್ದೆಯ ಹಿಂದೆ ಈ ನದಿಯ ಅಪಖ್ಯಾತಿಯೂ ಇತ್ತು, ನಿಜ. ಆದರೆ ಸಾಲದ ಹೊರೆಗೆ ಮೊದಲು ಹೆಗಲು ಕೊಟ್ಟವರು ಊರಿನವರು.

ಇನ್ನು 'ಸಾವು'. 1978ರ ಡಿಸೆಂಬರಿನಲ್ಲಿ ನಗರಾಡಳಿತ ಬ್ಯಾಂಕುಗಳ ಸಾಲ ತೀರಿಸಲಾಗದೆ ಕೈಚೆಲ್ಲಿತು. ನಮ್ಮ ಸಂಗೀತ ರಸಿಕರಿಗೆಲ್ಲ ಪರಿಚಿತವಾದ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆ ಶುರುವಾದದ್ದೂ ಅದೇ ವರ್ಷ. ಖಜಾನೆ ದಿವಾಳಿಯಾದ ಮಾತ್ರಕ್ಕೆ ಊರಿನ ಉಸಿರು ನಿಲ್ಲುವುದಿಲ್ಲ. ಉಕ್ಕಿನ ಕಾರ್ಖಾನೆಯೂ ಪೂರ್ತಿ ಹೋಗಲಿಲ್ಲ. ಕಬ್ಬಿಣದ ಅದಿರು ಹೊತ್ತ ಉದ್ದುದ್ದ ಹಡಗುಗಳು ಇವತ್ತಿಗೂ ಆ ಅಂಕುಡೊಂಕು ನದಿಯಲ್ಲಿ ತಿರುತಿರುಗಿ ಅಲ್ಲಿಗೇ ಹೋಗುತ್ತವೆ. ಆ ತಿರುವುಗಳಲ್ಲಿ ಹಡಗು ನುಗ್ಗಿಸುವ ನಾವಿಕರ ಕೈಚಳಕ ಯಾವ ಮ್ಯೂಸಿಯಂ ಪ್ರದರ್ಶನಕ್ಕೂ ಕಡಿಮೆಯದಲ್ಲ.

ಹಾಲ್ ಆಫ್ ಫೇಮ್ ಜನರನ್ನು ಸೆಳೆದಿದೆ, ಒಪ್ಪಿದೆ. ಐ. ಎಂ. ಪೇಯ್ ಅವರ ಗಾಜಿನ ಪಿರಮಿಡ್ಡು ನೋಡಲೂ ಚೆಂದ. ಆದರೆ ಪ್ರವಾಸಿಗರು ಬೆರಗಾಗುವ ಉಳಿದದ್ದೆಲ್ಲ ಯಾವ ಕಾಲದ್ದು? ವೆಸ್ಟ್ ಸೈಡ್ ಮಾರ್ಕೆಟ್ 1912ರದ್ದು, ಇಂದಿಗೂ ಪುಕ್ಕಟೆ ಪ್ರವೇಶವಿರುವ ಕಲಾ ಸಂಗ್ರಹಾಲಯ 1916ರದ್ದು, ಆರ್ಕೆಸ್ಟ್ರಾದ ಸೆವರೆನ್ಸ್ ಹಾಲ್ 1931ರದ್ದು. ಸಂಗ್ರಹಾಲಯಕ್ಕೂ ಸೆವರೆನ್ಸ್ ಹಾಲಿಗೂ ಸ್ಟ್ಯಾಂಡರ್ಡ್ ಆಯಿಲ್‌ನಿಂದ ಬಂದ ದುಡ್ಡು ಸೇರಿದೆ. ನದಿಗೆ ಎಣ್ಣೆ ಹರಿಸಿದ ಉದ್ಯಮವೇ ಚಿತ್ರ, ಸಂಗೀತಗಳನ್ನೂ ಪೋಷಿಸಿತು. ಪುನರುಜ್ಜೀವನದ ಕಥೆಗೆ ಈ ಗೋಜಲು ಬೇಡ, ಹಳೆಯದು ಕೆಟ್ಟದ್ದಾಗಿರಬೇಕು, ಹೊಸದು ಹೊಳೆಯಬೇಕು. ನನಗೆ ಈ ಊರು ಹಿಡಿಸುವುದೇ ಆ ಗೋಜಲಿನಿಂದ.

'ಎದ್ದು ಕೂತ' ಊರಿನ ಲೆಕ್ಕವನ್ನೂ ನೋಡಬೇಕಲ್ಲ. 1950ರಲ್ಲಿ ಒಂಬತ್ತು ಲಕ್ಷ ದಾಟಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 3,72,624. ಉಳಿದವರಿಗಾದರೂ ಸರೋವರ ಹತ್ತಿರವಾಯಿತೇ? ಊರಿನ ನಡುಭಾಗಕ್ಕೂ ನೀರಿಗೂ ಮಧ್ಯೆ ರೈಲುಹಳಿ, ಹೆದ್ದಾರಿ. ದಂಡೆಯ ದೊಡ್ಡ ತುಂಡನ್ನು 1947ರಿಂದಲೂ ವಿಮಾನ ನಿಲ್ದಾಣವೊಂದು ಆಕ್ರಮಿಸಿಕೊಂಡಿದೆ. ಮಕ್ಕಳ ಕೈ ಹಿಡಿದುಕೊಂಡು ಸಲೀಸಾಗಿ ನೀರಿನವರೆಗೆ ನಡೆದುಹೋಗುವ ದಾರಿ ಆಗುವತನಕ, 'ಮರಳಿ ಬಂದ ಸರೋವರ ನಗರ' ಎಂಬ ಬಿರುದನ್ನು ನಾನಂತೂ ಮುಂಗಡವಾಗಿ ಕೊಡಲಾರೆ.